ಗಣಿ ಬಿಟ್ಟ ನೆಲದ ಮೇಲ್ಮಣ್ಣು ಮತ್ತು ಬಿತ್ತನೆ

(ಅಂತಿಮ ಬಿ. ಎ. ತರಗತಿ)

ನೆಲವನ್ನು ಅಗೆಯುವುದು ಮನುಷ್ಯನಿಗೆ ಹೊಸದೇನೂ ಅಲ್ಲ. ಬಾವಿಗಾಗಿ ಅಗೆದನು, ಕೆರೆಗಾಗಿ ಅಗೆದನು, ಮನೆಯ ತಳಪಾಯಕ್ಕಾಗಿ ಅಗೆದನು, ಚಿನ್ನ ಕಬ್ಬಿಣಗಳಿಗಾಗಿ ಬೆಟ್ಟವನ್ನೇ ಅಗೆದನು. ಆದರೆ ಅಗೆದ ನೆಲವನ್ನು ಮುಚ್ಚಿ, ಅದರ ಮೇಲೆ ಮೊದಲಿನಂತೆ ಹುಲ್ಲು ಹಸುರು ಬೆಳೆಯುವ ಹಾಗೆ ಮಾಡುವುದು ಬೇರೆಯೇ ಆದ ಒಂದು ವಿದ್ಯೆ. ಈ ವಿದ್ಯೆಯ ಮುಖ್ಯಾಂಶಗಳನ್ನು ನನ್ನ ಸಹಪಾಠಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ. ಚಳ್ಳಕೆರೆ ಮೊಳಕಾಲ್ಮೂರುಗಳ ವಿದ್ಯಾರ್ಥಿಗಳಿಗೆ ಗಣಿಯ ಮಾತೇಕೆಂದು ಯಾರಾದರೂ ಕೇಳಬಹುದು. ಮೊಳಕಾಲ್ಮೂರಿನ ಆಚೆಗೆ ಬಳ್ಳಾರಿ ಸಂಡೂರುಗಳ ಅದಿರಿನ ಬೆಟ್ಟಗಳಿವೆ. ನಮ್ಮ ಜಿಲ್ಲೆಯ ಪಶ್ಚಿಮಕ್ಕೆ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗಗಳ ಕಡೆಯ ಕಬ್ಬಿಣದ ಗಣಿಗಳಿವೆ. ಈ ಎರಡರ ನಡುವೆ ಇರುವವರು ನಾವು. ಅಲ್ಲದೆ ಕಲ್ಲಿನ ಕ್ವಾರಿ, ರಸ್ತೆಗಾಗಿ ಗ್ರಾವಲ್ ತೆಗೆದ ಗುಂಡಿ, ಇಟ್ಟಿಗೆಗಾಗಿ ಮಣ್ಣು ಎತ್ತಿದ ಹೊಲ ಇವು ಯಾವ ಊರಿನವರಿಗೂ ಅಪರಿಚಿತವಲ್ಲ. ಹೆಸರು ಬೇರೆಯಾದರೂ ಗಾಯ ಒಂದೇ, ಮದ್ದೂ ಒಂದೇ.

ಕಾನೂನು ಏನು ಹೇಳುತ್ತದೆ?

ಮೊದಲು ಕಾನೂನಿನ ಮಾತನ್ನು ಸಂಕ್ಷೇಪವಾಗಿ ನೋಡೋಣ. ೧೯೮೮ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ ೨೦೧೭ರ ನಿಯಮಗಳೂ ಮೇಲ್ಮಣ್ಣಿನ ವಿಷಯವನ್ನು ಸ್ಪಷ್ಟವಾಗಿ ಹೇಳಿವೆ. ಗಣಿ ಅಗೆಯುವವನು ಮೇಲ್ಮಣ್ಣನ್ನು ಬೇರೆಯಾಗಿ ತೆಗೆಯಬೇಕು. ಗಣಿಗೆ ಇನ್ನು ಬೇಡವಾದ ನೆಲವನ್ನು ಮತ್ತೆ ಸರಿಪಡಿಸಲು ಅದನ್ನು ಬಳಸಬೇಕು. ಕೂಡಲೇ ಬಳಸಲು ಆಗದಿದ್ದರೆ ಮುಂದಿನ ಉಪಯೋಗಕ್ಕಾಗಿ ಬೇರೆಯಾಗಿಯೇ ಸಂಗ್ರಹಿಸಿಡಬೇಕು. ಅಮೆರಿಕದಲ್ಲಿ ೧೯೭೭ರಲ್ಲಿ ಆದ ಕಲ್ಲಿದ್ದಲು ಗಣಿಗಳ ಕಾಯಿದೆಯೂ ಇದೇ ತತ್ತ್ವವನ್ನು ವಿಧಿಸಿತು.

ನಮ್ಮ ಸೀಮೆಗೆ ಬಂದರೆ, ೨೦೧೧ನೆಯ ಜುಲೈ ೨೯ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಯಿತು. ಅದೇ ವರ್ಷ ಆಗಸ್ಟ್ ೨೬ರಂದು ಈ ಆಜ್ಞೆಯು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಿಗೂ ವಿಸ್ತರಿಸಿತು. ಅನಂತರ ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗಗಳಾಗಿ ವಿಂಗಡಿಸಲಾಯಿತು. ೨೦೧೩ನೆಯ ಏಪ್ರಿಲ್ ೧೮ರ ತೀರ್ಪಿನಲ್ಲಿ ಸಿ ವರ್ಗದ ಗಣಿಗಳ ಗುತ್ತಿಗೆ ರದ್ದಾಯಿತು. ಉಳಿದವು ನೆಲವನ್ನು ಸುಧಾರಿಸುವ ಯೋಜನೆಗೆ ಒಳಪಟ್ಟೇ ಮತ್ತೆ ತೆರೆಯಬೇಕೆಂದಾಯಿತು. ಡೆಹರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಮಂಡಲಿಯು ಈ ಯೋಜನೆಗಳನ್ನು ತಯಾರಿಸುವ ಕೆಲಸವನ್ನು ವಹಿಸಿಕೊಂಡಿತು.

ನಮಗೆ ಇನ್ನೂ ಹತ್ತಿರವಾದ ಮಾತು ೨೦೨೦ನೆಯ ಜನವರಿ ೮ರ ಆಜ್ಞೆಯಲ್ಲಿದೆ. ಗಣಿ ಕೆಲಸ ಮುಗಿದ ಮೇಲೆ ಗುತ್ತಿಗೆದಾರರು ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಿ, ಮೇವು, ಸಸ್ಯ, ಪ್ರಾಣಿಗಳಿಗೆ ಯೋಗ್ಯವಾದ ಸ್ಥಿತಿಗೆ ತರಬೇಕೆಂಬ ಷರತ್ತನ್ನು ವಿಧಿಸುವಂತೆ ಸರ್ವೋಚ್ಚ ನ್ಯಾಯಾಲಯವು ಕೇಂದ್ರ ಸರ್ಕಾರಕ್ಕೆ ಅಂದು ಸೂಚಿಸಿತು. ದೇಶದ ಅತ್ಯುನ್ನತ ನ್ಯಾಯಪೀಠವು 'ಮೇವು' ಎಂಬ ಮಾತನ್ನು ಎತ್ತಿತೆಂಬುದು ಸಾಮಾನ್ಯ ಸಂಗತಿಯಲ್ಲ. ಬರ ಬಂದಾಗ ಮೇವಿಲ್ಲದೆ ದನಗಳನ್ನು ಗೋಶಾಲೆಗೆ ಹೊಡೆದುಕೊಂಡು ಹೋಗುವ ನಮ್ಮವರಿಗೆ, ದೇವರ ಎತ್ತುಗಳನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಮ್ಯಾಸನಾಯಕರ ಕಿಲಾರಿಗಳಿಗೆ, ಕಂಬಳಿಯ ಉಣ್ಣೆಗಾಗಿ ಕುರಿ ಸಾಕುವವರಿಗೆ ಆ ಒಂದು ಮಾತಿನ ಬೆಲೆ ಗೊತ್ತು. ಆದರೆ ಹುಲ್ಲು ಆಜ್ಞೆಯಿಂದ ಬೆಳೆಯುವುದಿಲ್ಲ, ಮಣ್ಣಿನಿಂದ ಬೆಳೆಯುತ್ತದೆ. ಆದ್ದರಿಂದ ಇನ್ನು ಮಣ್ಣಿನ ಕಡೆಗೆ ತಿರುಗೋಣ.

ಮೇಲ್ಮಣ್ಣೆಂದರೇನು?

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವುದನ್ನು ಎಲ್ಲರೂ ಬಲ್ಲರು. ೧೯೪೭ರಲ್ಲಿ ಮಾರ್ಟಿಮರ್ ವೀಲರರು ಅಲ್ಲಿ ಉತ್ಖನನ ಮಾಡಿದಾಗ ನೆಲವನ್ನು ಪದರ ಪದರವಾಗಿ ಬಿಡಿಸಿದರು. ಕೆಳಗೆ ಕಲ್ಲಿನ ಕೊಡಲಿಯ ಕಾಲ, ಅದರ ಮೇಲೆ ಬೃಹತ್ ಶಿಲಾಸಮಾಧಿಗಳ ಕಾಲ, ಅದಕ್ಕೂ ಮೇಲೆ ಸಾತವಾಹನರ ಕಾಲ ಹೀಗೆ ಕ್ರಮವು ತಿಳಿಯಿತು. ಪದರಗಳು ಕಲಸಿಹೋಗಿದ್ದರೆ ಆ ಚರಿತ್ರೆಯೇ ದೊರೆಯುತ್ತಿರಲಿಲ್ಲ. ಹೊಲದ ಮಣ್ಣೂ ಹೀಗೆಯೇ ಪದರಗಳಾಗಿದೆ. ಮೇಲಿನ ಅರ್ಧ ಅಡಿಯಿಂದ ಒಂದು ಅಡಿಯಷ್ಟು ಮಣ್ಣಿನಲ್ಲಿ ಕೊಳೆತ ಎಲೆ, ಬೇರು, ಎರೆಹುಳು, ಕಣ್ಣಿಗೆ ಕಾಣದ ಕೋಟ್ಯಂತರ ಜೀವಾಣುಗಳು, ಮೊಳೆಯಲು ಕಾದಿರುವ ಬೀಜಗಳು ಇರುತ್ತವೆ. ಅದರ ಕೆಳಗಿನದು ಕೆಳಮಣ್ಣು. ಅದಕ್ಕೂ ಕೆಳಗೆ ಕೊರಕಲು, ಕೊನೆಗೆ ಬಂಡೆ. ಬಂಡೆ ಕರಗಿ ಒಂದು ಅಂಗುಲ ಮಣ್ಣಾಗುವುದಕ್ಕೆ ನೂರಾರು ವರ್ಷಗಳು ಬೇಕು. ಗಣಿಯ ಯಂತ್ರವು ಈ ಪದರಗಳನ್ನು ಒಂದೇ ಬಕೆಟ್ಟಿನಲ್ಲಿ ಎತ್ತಿ ತಲೆಕೆಳಗಾಗಿ ಸುರಿದರೆ, ಮೇಲೆ ಇರಬೇಕಾದದ್ದು ಕೆಳಗೆ ಹೂತುಹೋಗಿ, ಕೆಳಗಿನ ಬರಡು ಕಲ್ಲು ಮೇಲೆ ಬಂದು ಕೂರುತ್ತದೆ.

ಕಬ್ಬಿಣದ ಗಣಿಯ ಕಸದ ರಾಶಿಯಲ್ಲಿ ಸಾರಜನಕವೂ ಸಾವಯವ ಅಂಶವೂ ತೀರ ಕಡಮೆ. ರಂಜಕದ ಕಷ್ಟ ಬೇರೆ ರೀತಿಯದು: ಹೊರಗಿನಿಂದ ಹಾಕಿದ ರಂಜಕವನ್ನೂ ಕಬ್ಬಿಣದ ಆಕ್ಸೈಡು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಅದು ಗಿಡದ ಬೇರಿಗೆ ಸುಲಭವಾಗಿ ದೊರೆಯುವುದಿಲ್ಲ. ಬೇರಿನೊಡನೆ ಕೂಡಿ ಬಾಳುವ ಮೈಕೊರೈಜವೆಂಬ ಶಿಲೀಂಧ್ರವೊಂದುಂಟು. ಅದರ ಸೂಕ್ಷ್ಮವಾದ ಎಳೆಗಳು ಬೇರು ಮುಟ್ಟಲಾರದ ಕಡೆಯಿಂದ ರಂಜಕವನ್ನು ತಂದುಕೊಡುತ್ತವೆ. ಈ ಶಿಲೀಂಧ್ರ ಇರುವುದು ಜೀವಂತವಾದ ಮೇಲ್ಮಣ್ಣಿನಲ್ಲಿ. ಆದ್ದರಿಂದ ಮೇಲ್ಮಣ್ಣನ್ನು ಗೊಬ್ಬರದ ಚೀಲದಿಂದ ಸರಿದೂಗಿಸುತ್ತೇವೆಂಬುದು ಪೂರ್ತಿಯಾಗಿ ಸಾಧ್ಯವಲ್ಲದ ಮಾತು.

ತೆಗೆಯುವುದು ಮತ್ತು ಕಾಯ್ದಿಡುವುದು

ಮಣ್ಣನ್ನು ತೆಗೆಯುವಾಗ ಅದು ಹಸಿಯಾಗಿರಬಾರದು. ನಮ್ಮ ರೈತರು 'ಹದ' ಎನ್ನುವ ಮಾತಿನಲ್ಲಿ ಒಂದು ಇಡೀ ಶಾಸ್ತ್ರವೇ ಅಡಗಿದೆ. ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿದಾಗ ಜಿಗುಟಾಗಿ ಅಂಗೈಗೆ ಅಂಟಿದರೆ ಅದು ಯಂತ್ರದ ಭಾರಕ್ಕೆ ಹಲಗೆಯಂತೆ ಗಟ್ಟಿಯಾಗುವುದು. ಉಂಡೆಯಾಗಿ, ಬೆರಳಿನಿಂದ ತಟ್ಟಿದರೆ ಉದುರಿದರೆ ಹದ ಸರಿಯಾಗಿದೆಯೆಂದು ತಿಳಿಯಬೇಕು. ವೇದಾವತಿಯ ದಂಡೆಯ ಎರೆಮಣ್ಣಿಗೂ ಮೇಲಿನ ಮಸಾರಿಗೂ ಈ ಹದ ಬೇರೆ ಬೇರೆ ದಿನ ಬರುತ್ತದೆ.

ತೆಗೆದ ಮಣ್ಣನ್ನು ಬೆಟ್ಟದಂತೆ ಎತ್ತರಕ್ಕೆ ಒಟ್ಟಬಾರದು. ರಾಶಿಯ ಆಳದಲ್ಲಿ ಗಾಳಿಯಾಡದೆ ಜೀವಾಣುಗಳು ಸಾಯುತ್ತವೆ, ಬೀಜಗಳು ಕೊಳೆಯುತ್ತವೆ. ತಗ್ಗಾಗಿ, ಅಗಲವಾಗಿ ಹರಡಿ, ಎರಡು ಮೂರು ಮೀಟರಿಗಿಂತ ಮೇಲೇರದಂತೆ ಇಡುವುದು ಕ್ಷೇಮ. ಮಳೆಗೆ ಕೊಚ್ಚಿಹೋಗದಂತೆ ಸುತ್ತಲೂ ಬದು ಹಾಕಿ, ಮೇಲೆ ಹುರುಳಿಯನ್ನೋ ಹುಲ್ಲನ್ನೋ ಬಿತ್ತಿದರೆ ಬೇರು ಉಸಿರಾಡುತ್ತಾ ಮಣ್ಣನ್ನು ಜೀವಂತವಾಗಿಡುತ್ತದೆ. ಎಲ್ಲಕ್ಕಿಂತ ಮೇಲಾದ ಕ್ರಮವೆಂದರೆ ಕೂಡಿಡದೆಯೇ, ಒಂದು ಕಡೆ ತೆಗೆದದ್ದನ್ನು ಕೆಲಸ ಮುಗಿದ ಇನ್ನೊಂದು ಕಡೆಗೆ ನೇರವಾಗಿ ಹರಡುವುದು. ಪಶ್ಚಿಮ ಆಸ್ಟ್ರೇಲಿಯದ ಬಾಕ್ಸೈಟ್ ಗಣಿಗಳಲ್ಲಿ ಹೀಗೆ ಮಾಡಿ, ಆ ಮಣ್ಣಿನಲ್ಲಿದ್ದ ಬೀಜಗಳಿಂದಲೇ ಕಾಡಿನ ಅನೇಕ ಗಿಡಗಳು ಮತ್ತೆ ಹುಟ್ಟುವಂತೆ ಮಾಡಿದ್ದಾರೆ.

ಮೇಲ್ಮಣ್ಣು ಹೋದರೆ ಹೋಗಲಿ, ಬೇರೆ ಕಡೆಯಿಂದ ತಂದರಾಯಿತು ಎನ್ನುವವರು ಒಂದು ಚಿಕ್ಕ ಲೆಕ್ಕ ಹಾಕಿನೋಡಬಹುದು. ಒಂದು ಎಕರೆ ಎಂದರೆ ಸುಮಾರು ೪,೦೪೭ ಚದರ ಮೀಟರು. ಅದರ ಮೇಲೆ ಕೇವಲ ೧೫ ಸೆಂಟಿಮೀಟರು ಮಣ್ಣು ಹರಡಲು ೬೦೭ ಘನ ಮೀಟರು ಮಣ್ಣು ಬೇಕು. ಒಂದು ಟ್ರ್ಯಾಕ್ಟರು ಗಾಡಿಯಲ್ಲಿ ೩ ಘನ ಮೀಟರು ಹಿಡಿಸುವುದೆಂದು ಇಟ್ಟುಕೊಂಡರೆ ೨೦೦ಕ್ಕೂ ಹೆಚ್ಚು ಗಾಡಿಗಳಾದುವು. ಇಷ್ಟು ಮಣ್ಣನ್ನು ಕೊಡುವ ಹೊಲ ಯಾವುದು? ಆ ಹೊಲವೇ ಇನ್ನೊಂದು ಗಣಿಯಾಗುವುದಿಲ್ಲವೆ? ಕೆರೆಯ ಗೋಡು ಮಾತ್ರ ಈ ಮಾತಿಗೆ ಹೊರತು. ಬೇಸಗೆಯಲ್ಲಿ ಕೆರೆಯಂಗಳದ ಗೋಡನ್ನು ಹೊಲಕ್ಕೆ ಹೊಡೆಯುವ ಪದ್ಧತಿ ನಮ್ಮಲ್ಲಿ ಹಳೆಯದು. ಹೊಲದಿಂದ ಮಳೆನೀರು ಒಯ್ದ ಮಣ್ಣನ್ನೇ ಹೊಲಕ್ಕೆ ಹಿಂದಿರುಗಿಸುವ ಕ್ರಮವದು. ಆದರೆ ಕೆರೆಯ ಗೋಡು ಊರಿನ ಹೊಲಗಳಿಗೇ ಸಾಲದು.

ನೆಲವನ್ನು ಅಣಿಗೊಳಿಸುವುದು

ಸುರಿದ ಕಲ್ಲುಮಣ್ಣಿನ ರಾಶಿ ತನ್ನಷ್ಟಕ್ಕೆ ತಾನು ನಿಲ್ಲುವ ಇಳಿಜಾರು ಬಹಳ ಕಡಿದಾದದ್ದು. ಅದರ ಮೇಲೆ ಮಣ್ಣು ಹರಡಿದರೆ ಮೊದಲ ದೊಡ್ಡ ಮಳೆಗೇ ಜಾರಿ ಹಳ್ಳಕ್ಕೆ ಸೇರುತ್ತದೆ. ಆದ್ದರಿಂದ ರಾಶಿಯನ್ನು ಮೆಟ್ಟಿಲುಗಳಾಗಿ ಮಾಡಿ, ಒಟ್ಟು ಇಳಿಜಾರು ೨೮ ಡಿಗ್ರಿಗೆ ಮೀರದಂತೆ ತಗ್ಗಿಸುವುದು ನಮ್ಮ ದೇಶದ ಗಣಿಗಳಿಗೆ ಸಾಮಾನ್ಯವಾಗಿ ವಿಧಿಸುವ ಷರತ್ತು. ಬಿತ್ತನೆಯ ದೃಷ್ಟಿಯಿಂದ ಇನ್ನೂ ಚಪ್ಪಟೆಯಾದಷ್ಟೂ ಒಳ್ಳೆಯದು. ಬುಡದಲ್ಲಿ ಕಲ್ಲಿನ ತಡೆಗೋಡೆ, ಮೆಟ್ಟಿಲುಗಳ ಒಳಮಗ್ಗುಲಲ್ಲಿ ನೀರುಗಾಲುವೆ, ಕೊರಕಲುಗಳಿಗೆ ಅಡ್ಡಕಟ್ಟೆ ಇವು ಅವಶ್ಯ. ಕಡಿದಾದ ಕಡೆ ತೆಂಗಿನ ನಾರಿನ ಚಾಪೆಯನ್ನು ಹಾಸಿ ಗೂಟ ಹೊಡೆದರೆ, ಬೇರು ಹಿಡಿಯುವವರೆಗೆ ಅದು ಮಣ್ಣನ್ನು ತಡೆಯುತ್ತದೆ; ಅನಂತರ ತಾನೇ ಕೊಳೆತು ಗೊಬ್ಬರವಾಗುತ್ತದೆ.

ಮುಂದಿನ ಹೆಜ್ಜೆ ಹಲವರು ಮರೆಯುವಂಥದು. ಭಾರವಾದ ಲಾರಿಗಳು ಓಡಾಡಿದ ನೆಲ ಸಿಮೆಂಟಿನಂತೆ ಬಿಗಿದಿರುತ್ತದೆ. ಅದರ ಮೇಲೆ ನೇರವಾಗಿ ಮೇಲ್ಮಣ್ಣು ಹರಡಿದರೆ ನೀರು ಕೆಳಗಿಳಿಯದು, ಬೇರೂ ಇಳಿಯದು. ಮೇಲಿನ ಮಣ್ಣು ಚಾಪೆಯಂತೆ ಜಾರುವುದು. ಆದ್ದರಿಂದ ಮೊದಲು ಕೆಳನೆಲವನ್ನು ಒಂದೂವರೆ ಎರಡು ಅಡಿ ಆಳಕ್ಕೆ ಸೀಳಬೇಕು. ಸೀಳುವುದು ಇಳಿಜಾರಿಗೆ ಅಡ್ಡಲಾಗಿರಬೇಕೇ ಹೊರತು ಉದ್ದಕ್ಕೆ ಇರಕೂಡದು. ಬಳಿಕ ೧೫ರಿಂದ ೩೦ ಸೆಂಟಿಮೀಟರಿನಷ್ಟು ಮೇಲ್ಮಣ್ಣನ್ನು ಹರಡಬೇಕು. ಹರಡಿದ ಮೇಲೆ ಅದರ ಮೇಲೆ ಗಾಡಿ ಓಡಿಸಬಾರದು. ಮೇಲ್ಮೈಯನ್ನು ಕೇರಂ ಹಲಗೆಯಂತೆ ನುಣುಪು ಮಾಡುವುದು ನೋಟಕ್ಕೆ ಚೆಲುವಾದರೂ ಬೀಜಕ್ಕೆ ಶತ್ರು. ಒರಟಾದ, ಸಣ್ಣ ಸಣ್ಣ ತಗ್ಗುದಿಣ್ಣೆಗಳುಳ್ಳ ನೆಲದಲ್ಲಿ ಹನಿ ನೀರು ನಿಲ್ಲುತ್ತದೆ, ಗಾಳಿಗೆ ಹಾರಿಬಂದ ಬೀಜ ನಿಲ್ಲುತ್ತದೆ. ಮುಂಗಾರಿನ ಗಾಳಿಯ ರಭಸವನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಮಣ್ಣಿನ ಗುಣವನ್ನು ತಿಳಿಯಲು ಪ್ರಯೋಗಶಾಲೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಗಾಜಿನ ಸೀಸೆ ಸಾಕು. ಮೂರನೆಯ ಒಂದು ಭಾಗ ಮಣ್ಣು, ಉಳಿದದ್ದು ನೀರು ತುಂಬಿ ಚೆನ್ನಾಗಿ ಕುಲುಕಿ ಇಟ್ಟರೆ, ಮೊದಲು ಮರಳು, ಅದರ ಮೇಲೆ ಗೋಡು, ಕೊನೆಗೆ ಜೇಡಿ ಹೀಗೆ ಪದರಗಳಾಗಿ ಕೂರುತ್ತವೆ. ನಾನು ನಮ್ಮ ಹೊಲದ ಮಣ್ಣನ್ನೂ ಊರಾಚೆಯ ಗ್ರಾವಲ್ ಗುಂಡಿಯ ತಳದ ಮಣ್ಣನ್ನೂ ಎರಡು ಸೀಸೆಗಳಲ್ಲಿ ಹೀಗೆ ಇಟ್ಟು ನೋಡಿದೆನು. ಹೊಲದ ಮಣ್ಣಿನ ನೀರಿನ ಮೇಲೆ ಬೇರಿನ ಚೂರು, ಕಡ್ಡಿ, ಹೊಟ್ಟುಗಳು ತೇಲಿದವು. ಗುಂಡಿಯ ಮಣ್ಣಿನ ಸೀಸೆಯಲ್ಲಿ ಹಾಗೆ ತೇಲಿದ್ದು ಏನೂ ಇರಲಿಲ್ಲ. ಆ ತೇಲುವ ಕಸವೇ ಮಣ್ಣಿನ ಐಶ್ವರ್ಯವೆಂದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಆ ಎರಡು ಸೀಸೆಗಳು ನನಗೆ ತಿಳಿಸಿದವು.

ಯಾವ ಬೀಜ?

ಗಣಿನೆಲದಲ್ಲಿ ಹಸುರೆಂದರೆ ಗಿಡ ನೆಡುವುದು, ನೆಟ್ಟ ಗಿಡಗಳನ್ನು ಎಣಿಸುವುದು ಎಂಬ ಭಾವನೆ ಬೇರೂರಿದೆ. ಮರಗಳು ಬೇಕು ನಿಜ. ಆದರೆ ಗಿಡದಿಂದ ಗಿಡಕ್ಕೆ ಮೂರು ನಾಲ್ಕು ಮೀಟರು ಅಂತರವಿದ್ದು, ನಡುವಣ ನೆಲ ಬೋಳಾಗಿದ್ದರೆ ಮಣ್ಣು ಕೊಚ್ಚಿಹೋಗುತ್ತಲೇ ಇರುತ್ತದೆ. ಮಣ್ಣನ್ನು ಮೊದಲು ಹಿಡಿಯುವುದು ಹುಲ್ಲು. ಅದರ ಆಶ್ರಯದಲ್ಲಿ ಪೊದೆ. ಪೊದೆಯ ಆಶ್ರಯದಲ್ಲಿ ಮರ. ಇದೇ ಪ್ರಕೃತಿಯ ಕ್ರಮ.

ನಮ್ಮ ಒಣಸೀಮೆಗೆ ಒಗ್ಗುವ ಹುಲ್ಲುಗಳು ಕರಡ, ಅಂಜನ್, ಗರಿಕೆ. ದ್ವಿದಳ ಜಾತಿಯಲ್ಲಿ ಹ್ಯಾಮೇಟ ಎಂದು ಕರೆಯುವ ಸ್ಟೈಲೋ ಮೇವು, ಹುರುಳಿ. ಇವುಗಳ ಬೇರಿನ ಗಂಟುಗಳಲ್ಲಿರುವ ಜೀವಾಣುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಪೊದೆಗಳಲ್ಲಿ ತಂಗಡಿ, ಬಂದರೆ, ಕಾರೆ. ಮರಗಳಲ್ಲಿ ಕಮರ, ಬೇವು, ಹೊಂಗೆ. ಬಳ್ಳಾರಿ ಜಾಲಿ ಬೇಗ ಬೆಳೆಯುತ್ತದೆಂಬ ಆಸೆಗೆ ಬೀಳಬಾರದು. ಅದು ತನ್ನ ಕೆಳಗೆ ಹುಲ್ಲನ್ನು ಬೆಳೆಯಗೊಡದು. ಒಮ್ಮೆ ಕಾಲೂರಿದರೆ ಕೀಳುವುದೂ ಕಷ್ಟ.

ಈ ಬೀಜಗಳು ಎಲ್ಲಿ ಸಿಕ್ಕುತ್ತವೆ? ನಾಡಹುಲ್ಲಿನ ಬೀಜದ ಭಂಡಾರವೆಂದರೆ ನಮ್ಮ ಅಮೃತಮಹಲ್ ಕಾವಲುಗಳು. ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಮೀಸಲಾಗಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆಗಳು ೨೦೦೯ರ ಸುಮಾರಿನಿಂದ ರಕ್ಷಣೆ, ಬಾಹ್ಯಾಕಾಶ, ಪರಮಾಣು ಸಂಶೋಧನೆಗಳ ಸಂಸ್ಥೆಗಳಿಗೆ ಹೋದುವು. ಆ ವಿಷಯದ ವಾದವಿವಾದ ಈ ಲೇಖನಕ್ಕೆ ಸೇರಿದ್ದಲ್ಲ. ಉಳಿದಿರುವ ಕಾವಲಿನ ಹುಲ್ಲನ್ನು ಬರಿಯ 'ಪಾಳು ನೆಲ'ವೆಂದು ಎಣಿಸಬಾರದೆಂಬುದಷ್ಟೇ ನನ್ನ ಮಾತು. ಹಾಳಾದ ನೆಲವನ್ನು ಮತ್ತೆ ಎತ್ತುವ ಬೀಜ ಅಲ್ಲಿಯೇ ಇದೆ. ಹುಲ್ಲು ತೆನೆಗಟ್ಟಿದ ಕಾಲದಲ್ಲಿ ಅದನ್ನು ಕೂಲಿಗೆ ಆರಿಸಿದರೆ ಎಷ್ಟೋ ಮನೆಗಳಿಗೆ ಒಂದು ತಿಂಗಳ ಸಂಪಾದನೆಯೂ ಆದೀತು.

ಬೀಜವನ್ನು ಕೊಳ್ಳುವವರು ತೂಕವನ್ನಷ್ಟೇ ನೋಡಬಾರದು. ೧೦೦ ಕಿಲೋ ಹುಲ್ಲುಬೀಜದಲ್ಲಿ ೬೦ ಕಿಲೋ ಮಾತ್ರ ಶುದ್ಧ ಬೀಜವಿದ್ದು, ಅದರಲ್ಲಿ ನೂರಕ್ಕೆ ೪೦ ಮಾತ್ರ ಮೊಳೆಯುವುದಾದರೆ, ನಿಜವಾದ ಬೀಜ ೨೪ ಕಿಲೋ ಮಾತ್ರ. ಒದ್ದೆ ಬಟ್ಟೆಯಲ್ಲಿ ೧೦೦ ಬೀಜಗಳನ್ನು ಸುತ್ತಿಟ್ಟು ಎಣಿಸಿದರೆ ಈ ಪರೀಕ್ಷೆಯನ್ನು ಯಾರಾದರೂ ಮಾಡಬಹುದು. ಅಂಜನ್ ಹುಲ್ಲಿನ ಹೊಸ ಬೀಜ ಕೆಲವು ತಿಂಗಳು ನಿದ್ರೆಯಲ್ಲಿರುತ್ತದೆ. ಆದ್ದರಿಂದ ಹಿಂದಿನ ವರ್ಷದ ಬೀಜ ಮೇಲು. ಹ್ಯಾಮೇಟದ ಬೀಜದ ಸಿಪ್ಪೆ ಗಟ್ಟಿ; ಸುಮಾರು ೮೦ ಡಿಗ್ರಿ ಬಿಸಿಯ ನೀರಿನಲ್ಲಿ ನಾಲ್ಕೈದು ನಿಮಿಷ ಅದ್ದಿ, ಬಳಿಕ ತಣ್ಣೀರಿನಲ್ಲಿ ನೆನೆಸಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಹುಲ್ಲಿನ ಬೀಜ ಹತ್ತಿಯಂತೆ ಹಗುರವಾದ್ದರಿಂದ ಜೇಡಿಮಣ್ಣು, ಸಗಣಿ, ಮರಳುಗಳೊಡನೆ ಕಲಸಿ ಸಣ್ಣ ಉಂಡೆಗಳಾಗಿ ಮಾಡಿದರೆ ಗಾಳಿಗೆ ಹಾರದು, ಇರುವೆಗಳೂ ಹೊತ್ತೊಯ್ಯಲಾರವು.

ಬಿತ್ತುವ ಕಾಲ

ಚಳ್ಳಕೆರೆಯ ಮಳೆ ವರ್ಷಕ್ಕೆ ಸುಮಾರು ೫೦೦ ಮಿಲಿಮೀಟರಿನ ಆಚೀಚೆ. ಅದರಲ್ಲಿಯೂ ಮುಂಗಾರಿನ ಆರಂಭದಲ್ಲಿ ಒಂದಿಷ್ಟು ಬಂದು, ನಡುವೆ ಬರಿಯ ಗಾಳಿ ಬೀಸಿ, ಹುಬ್ಬೆ, ಉತ್ತರೆ, ಹಸ್ತ ಮಳೆಗಳಲ್ಲಿ ಮತ್ತೆ ಹೆಚ್ಚಾಗುತ್ತದೆ. ಮೊದಲ ಮಳೆಗೆ ಮೊಳೆತ ಎಳೆಹುಲ್ಲು ನಡುವಿನ ಒಣಗಾಳಿಗೆ ಸುಟ್ಟುಹೋಗುವ ಭಯ ಸದಾ ಇದೆ. ಮಲೆನಾಡಿಗೆ ಬರೆದ ಪಟ್ಟಿಯನ್ನು ಇಲ್ಲಿಗೆ ತಂದರೆ ಆಗುವ ನಷ್ಟವಿದು. ಶೇಂಗಾ ಬಿತ್ತುವ ನಮ್ಮ ರೈತನು ಎಲ್ಲ ಬೀಜವನ್ನೂ ಒಂದೇ ಮಳೆಗೆ ಒಪ್ಪಿಸುವುದಿಲ್ಲ. ಇಲ್ಲಿಯೂ ಹಾಗೆಯೇ ಮಾಡಬೇಕು. ಮೊದಲ ಹದಕ್ಕೆ ಸಜ್ಜೆ ಹುರುಳಿಗಳನ್ನು ವಿರಳವಾಗಿ ಬಿತ್ತಿ ನೆಲಕ್ಕೆ ನೆರಳು ಮಾಡಬೇಕು. ಹುಲ್ಲುಬೀಜದಲ್ಲಿ ಅರ್ಧವನ್ನು ಅದರೊಡನೆಯೂ, ಉಳಿದ ಅರ್ಧವನ್ನು ಆಗಸ್ಟಿನ ಕೊನೆಯ ಮಳೆಗಳಿಗೂ ಇಟ್ಟುಕೊಳ್ಳಬೇಕು. ಸಜ್ಜೆ ದಟ್ಟವಾದರೆ ಹುಲ್ಲನ್ನೇ ಮುಚ್ಚುವುದರಿಂದ ಎಳೆಯದಾಗಿರುವಾಗಲೇ ಕೊಯ್ಯಬೇಕು. ಹುಲ್ಲುಬೀಜ ಒಂದು ಸೆಂಟಿಮೀಟರಿಗಿಂತ ಆಳಕ್ಕೆ ಹೋಗಬಾರದು. ಕೂರಿಗೆಗಿಂತ ಚೆಲ್ಲಿ, ಮುಳ್ಳಿನ ಕೊಂಬೆಯನ್ನು ಮೇಲೆ ಎಳೆಯುವುದೇ ಇದಕ್ಕೆ ತಕ್ಕ ಉಪಾಯ.

ಬಿತ್ತಿದ ಮೇಲೆ

ಬಿತ್ತಿದ ಮೊದಲ ಎರಡು ಮೂರು ವರ್ಷ ದನಕುರಿಗಳು ಒಳಗೆ ಬರಬಾರದು. ಇಲ್ಲಿಯೇ ನಿಜವಾದ ಕಷ್ಟವಿದೆ. ಬೇಲಿ ಹಾಕಿ ಕಾವಲುಗಾರನನ್ನು ನಿಲ್ಲಿಸಿದರೆ ಸಾಲದು. ಕುರಿಗಾರರನ್ನು ಕೇಳದೆ ಹಾಕಿದ ಬೇಲಿ ಒಂದು ಬೇಸಗೆಯನ್ನೂ ತಡೆಯಲಾರದು. ಹುಲ್ಲನ್ನು ಕೊಯ್ದು ಹೊರೆ ಒಯ್ಯುವ ಹಕ್ಕನ್ನು ಸುತ್ತಲ ಊರಿನವರಿಗೆ ಮೊದಲೇ ಬರೆದುಕೊಟ್ಟರೆ, ಅವರೇ ಕಾವಲಾಗುತ್ತಾರೆ. ಬೀಜ ಬಿದ್ದ ಮೇಲೆ ಹುಲ್ಲು ಕೊಯ್ದರೆ ಮುಂದಿನ ವರ್ಷದ ಬಿತ್ತನೆ ತಾನಾಗಿಯೇ ಆಗಿರುತ್ತದೆ. ಬೇರು ಬಲಿತ ಮೇಲೆ ನಮ್ಮಲ್ಲಿ ಹೊಲಗಳಲ್ಲಿ ಕುರಿ ನಿಲ್ಲಿಸುವಂತೆ ಅಲ್ಲಿಯೂ ಕೆಲವು ರಾತ್ರಿ ಮಂದೆ ನಿಲ್ಲಿಸಿದರೆ ಹಿಕ್ಕೆಯ ಗೊಬ್ಬರವೂ ದೊರೆಯುತ್ತದೆ. ಬೋಳು ಬಿದ್ದ ಕಡೆ ಮರುವರ್ಷ ಮತ್ತೆ ಬಿತ್ತಬೇಕು. ಒಂದು ಮಳೆಗಾಲದ ಭಾವಚಿತ್ರ ತೆಗೆದು ಕೆಲಸ ಮುಗಿಯಿತೆನ್ನುವುದು ಸಲ್ಲದು. ಬೇಸಗೆಯಲ್ಲಿಯೂ ನೆಲ ಮುಚ್ಚಿರುವುದೇ ಎಂದು ನೋಡಬೇಕು.

ಉಪಸಂಹಾರ

ಮೇಲೆ ಹೇಳಿದ ಕ್ರಮಗಳಲ್ಲಿ ನಮ್ಮ ಹಿರಿಯರಿಗೆ ತಿಳಿಯದ್ದು ಬಹಳವಿಲ್ಲ. ಹದ, ಬದು, ಗೋಡು, ಮಂದೆ, ಎರಡು ಮಳೆಗೆ ಬೀಜ ಹಂಚುವ ಎಚ್ಚರ ಇವೆಲ್ಲ ಅವರ ವಿದ್ಯೆಯೇ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನು. ನ್ಯಾಯಾಲಯದ ಆಜ್ಞೆಯನ್ನು ಓದಿ ಹೇಳಬಲ್ಲವನು ಅಲ್ಲಿ ನಾನೊಬ್ಬನಾದರೆ, ಮಣ್ಣನ್ನು ಓದಬಲ್ಲವರು ಉಳಿದವರೆಲ್ಲರೂ ಆಗಿದ್ದಾರೆ. ಈ ಎರಡು ಓದುಗಳು ಒಂದೆಡೆ ಸೇರದಿರುವುದರಿಂದಲೇ ಯೋಜನೆ ಕಾಗದದಲ್ಲಿಯೂ ಬರಡು ನೆಲದಲ್ಲಿಯೂ ಬೇರೆ ಬೇರೆಯಾಗಿ ಉಳಿಯುತ್ತದೆ. ಗ್ರಾಮಸಭೆಯಲ್ಲಿ ಕುಳಿತಾಗ ನಾವು ಕೇಳಬಹುದಾದ ಪ್ರಶ್ನೆಗಳು ಸರಳವಾದವು: ಮೇಲ್ಮಣ್ಣನ್ನು ಎಲ್ಲಿ ಇಟ್ಟಿದ್ದೀರಿ? ಎಷ್ಟು ದಪ್ಪ ಹರಡುತ್ತೀರಿ? ಯಾವ ಬೀಜ, ಯಾವ ಮಳೆಗೆ? ಹುಲ್ಲು ಯಾರಿಗೆ? ಈ ನಾಲ್ಕು ಪ್ರಶ್ನೆಗಳನ್ನು ಕೇಳುವ ಧೈರ್ಯವೂ, ಉತ್ತರವನ್ನು ಸರಿಯೋ ತಪ್ಪೋ ಎಂದು ತೂಗಿನೋಡುವ ತಿಳಿವಳಿಕೆಯೂ ನಮ್ಮ ವಿದ್ಯಾಭ್ಯಾಸದಿಂದ ಬರುವುದಾದರೆ, ನಾವು ಓದಿದ್ದು ನೆಲಕ್ಕೂ ಸ್ವಲ್ಪ ದಕ್ಕಿತೆಂದು ತಿಳಿಯಬಹುದು.